ನೆಂಟರ ವಾರ

ಕೊಪ್ಪದ ತರಬೇತಿ ಮುಗಿಸಿ ಬಂದ ಅರ್ಪಿತಾಳ ಬ್ಯಾಗಿನಲ್ಲಿದ್ದ ವಾರದ ಯೋಜನೆಯ ಹಾಳೆಯನ್ನು ನೀವು ನೋಡಬೇಕಿತ್ತು. ಮದುವೆ ಕರೆಯೋಲೆಯೂ ಅಷ್ಟು ಚೆಂದ ಇರುವುದಿಲ್ಲ. ಸೋಮವಾರದಿಂದ ಶನಿವಾರದವರೆಗೆ ಗೆರೆ ಎಳೆದು, ಒಂದೊಂದು ದಿನಕ್ಕೂ ಒಂದೊಂದು ಬಣ್ಣ ತುಂಬಿ, ಮೇಲಿನ ಮೂಲೆಯಲ್ಲಿ ಒಂದು ಚಿಟ್ಟೆ ಬೇರೆ. ಚಿಟ್ಟೆಗೂ ಪಾಠಕ್ಕೂ ಏನು ಸಂಬಂಧ ಅಂತ ಕೇಳಬೇಡಿ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ, ಮೂರೂ ತಾಲ್ಲೂಕಿನ ಅಂಗನವಾಡಿ ಟೀಚರುಗಳು ಆ ಹಾಲ್‌ನಲ್ಲಿ ಕೂತಿದ್ದರು. ಎಲ್ಲರೂ ಚಿಟ್ಟೆ ಬಿಡಿಸಿದ್ದರು.

ಪಾಠ ಹೇಳಿಕೊಟ್ಟವಳು ನರಸಿಂಹರಾಜಪುರದ ಮೇಘನ. ಅರ್ಪಿತಾಳಿಗಿಂತ ವಯಸ್ಸಿನಲ್ಲಿ ಚಿಕ್ಕವಳೇ ಇರಬೇಕು, ಆದರೆ ಮಾತು ಮಾತ್ರ ಕತ್ತರಿಸಿ ಇಟ್ಟ ಹಾಗೆ. ಮಕ್ಕಳಿಗೆ ದಿನಕ್ಕೊಂದು ಲಯ ಇರಬೇಕು, ವಾರಕ್ಕೊಂದು ವಿಷಯ ಇರಬೇಕು, ಮಾತು, ಎಣಿಕೆ, ಕೈಕೆಲಸ, ಆಟ, ಕಥೆ ಎಲ್ಲವೂ ಆ ವಿಷಯದ ಸುತ್ತಲೇ ಹೆಣೆದುಕೊಳ್ಳಬೇಕು ಎಂದು ಹೇಳಿದಳು. ಅದೆಲ್ಲ ಅರ್ಪಿತಾಳಿಗೆ ಹಾಲು ಕುಡಿದಷ್ಟು ಸುಲಭವಾಗಿ ಇಳಿಯಿತು. ಕೊನೆಯ ಮಾತು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡಿತು.

"ನಿಮ್ಮ ತರಗತಿ ನೋಡೋಕೆ ನಾವು ಬರ್ತೀವಿ. ಬಂದಾಗ ನಮ್ಮನ್ನ ಗೋಡೆ ಅಂದ್ಕೊಳ್ಳಿ. ಎದ್ದು ಬರಬೇಡಿ, ಮಾತಾಡಿಸಬೇಡಿ, ಕಾಫಿ ಕೊಡಬೇಡಿ. ನಿಮ್ಮ ಗಮನ ಮಕ್ಕಳ ಮೇಲೆ ಮಾತ್ರ ಇರಬೇಕು."

ಅರ್ಪಿತಾ ಮೆಲ್ಲಗೆ ಕೈ ಎತ್ತಿದಳು.

"ನೀರೂ ಬ್ಯಾಡ್ವ ಮೇಡಂ?"

"ಗೋಡೆಗೆ ನೀರು ಕೊಡ್ತಾರೇನ್ರಿ?"

ಎಲ್ಲರೂ ನಕ್ಕರು. ಅರ್ಪಿತಾಳಿಗೆ ನಗು ಬರಲಿಲ್ಲ. ಮನೆಗೆ ಬಂದವರಿಗೆ ಮೊದಲು ನೀರು, ಬೆಲ್ಲ, ಆಮೇಲೆ ಉಳಿದ ಮಾತು ಅಂತ ಬೆಳೆದವಳು ಅವಳು. ಬಂದವರನ್ನು ಗೋಡೆ ಮಾಡು ಅಂದರೆ ಏನು ಮಾಡುವುದು ಮಾರಾಯ್ರೆ!

ಅರ್ಪಿತಾಳ ಅಂಗನವಾಡಿ ಇರುವುದು ಮಾವಿನಕೊಡಿಗೆಯಲ್ಲಿ. ಶೃಂಗೇರಿಯಿಂದ ಕೆರೆಕಟ್ಟೆಗೆ ಹೋಗುವ ದಾರಿಯಲ್ಲಿ ಕಾಡಿನಂಚು ಸವರಿಕೊಂಡು ಹತ್ತಿದರೆ ಸಿಗುವ ಊರು. ಬರುವ ಜೂನ್‌ನಿಂದ ಆ ಭಾಗದ ಒಂದು ಅಂಗನವಾಡಿಯಲ್ಲಿ ಎಲ್‌ಕೆಜಿ ಶುರು ಮಾಡುತ್ತಾರಂತೆ, ಒಂದೇ ಒಂದರಲ್ಲಿ. ಯಾವ ಟೀಚರು ಯೋಜನೆ ಹಾಕಿಕೊಂಡು ತರಗತಿ ನಡೆಸಬಲ್ಲಳು ಅಂತ ನೋಡಿ, ಅವಳಿಗೆ. ಸಿಗದಿದ್ದರೆ ನಾಲ್ಕು ತುಂಬಿದ ಮಕ್ಕಳೆಲ್ಲ ವ್ಯಾನ್ ಹತ್ತಿ ಶೃಂಗೇರಿಯ ಕಾನ್ವೆಂಟಿಗೆ ಹೋಗುವವರೇ.

ಆ ವ್ಯಾನಿನ ರುಚಿ ಅರ್ಪಿತಾಳ ಅಂಗನವಾಡಿಯ ಪುಟ್ಟ ಸಿರಿಗೆ ಗೊತ್ತಿತ್ತು. ಹೋದ ಜೂನ್‌ನಲ್ಲಿ ಅವಳನ್ನು ಕಾನ್ವೆಂಟಿನ ನರ್ಸರಿಗೆ ಹಾಕಿದ್ದರು. ದಾರಿಯ ತಿರುವುಗಳಲ್ಲಿ ಮಗು ದಿನಾ ವಾಂತಿ ಮಾಡಿಕೊಂಡು, ಶಾಲೆ ಮುಟ್ಟುವಷ್ಟರಲ್ಲಿ ಹಿಂಡಿ ಹಾಕಿದ ಬಟ್ಟೆಯಂತಾಗಿ, ಕೊನೆಗೆ ಬೆಳಿಗ್ಗೆ ವ್ಯಾನಿನ ಹಾರನ್ ಕೇಳಿದರೇ ಹಾಸಿಗೆಯಡಿ ಹೋಗಿ ಸೇರಿಕೊಳ್ಳುತ್ತಿತ್ತು. ಸಾಕಪ್ಪಾ ಸಾಕು ಅಂತ ಮನೆಯವರು ಬಿಡಿಸಿ ಅಂಗನವಾಡಿಗೇ ಕಳಿಸಿದರು. "ಇಲ್ಲಿ ಎಲ್‌ಕೆಜಿ ಬರ್ಲಿಲ್ಲ ಅಂದ್ರೆ ಮತ್ತೆ ವ್ಯಾನೇ ಗತಿ ನೋಡು," ಎಂದು ಅವಳ ಅಜ್ಜ ನಾಗಪ್ಪ ಅರ್ಪಿತಾಳ ಮುಂದೆಯೇ ಹೇಳಿದ್ದರು. ಅವತ್ತಿನಿಂದ ಅರ್ಪಿತಾಳಿಗೆ ಎಲ್‌ಕೆಜಿ ಅಂದರೆ ಸಿರಿಯ ಮುಖವೇ ಕಣ್ಣಿಗೆ ಬರುತ್ತಿತ್ತು. ಏನಾದರೂ ಮಾಡಿ ಅದನ್ನು ತರಲೇಬೇಕು ಎಂದು ಹಟ ತೊಟ್ಟಳು.

ಮೊದಲ ಸೋಮವಾರ ವಿಷಯ 'ವಾಹನಗಳು'. ಮಕ್ಕಳು ಸುತ್ತ ಕೂತರು. ಅರ್ಪಿತಾ ರೈಲಿನ ಚಿತ್ರ ಎತ್ತಿ ಹಿಡಿದಳು. "ಇದು ಎಂತ?" ಅಂತ ಕೇಳಿದಳೋ ಇಲ್ಲವೋ, ಜಗಲಿಯಲ್ಲಿ ಕೆಮ್ಮು ಕೇಳಿಸಿತು.

ನಾಗಪ್ಪನವರು. ಮೊಮ್ಮಗಳನ್ನು ಬಿಟ್ಟು ಬಸ್ಸಿಗೆ ಕಾಯಲು ಕೂತಿದ್ದರು. ಊರಿನ ಬಸ್ ನಿಲ್ಲುವುದು ಅಂಗನವಾಡಿಯ ಮುಂದೆ, ತಂಗುದಾಣ ಅಂತ ಬೇರೆ ಇಲ್ಲ. ಹಾಗಾಗಿ ಪೇಟೆಗೆ ಹೋಗುವವರೆಲ್ಲ ಅಂಗನವಾಡಿಯ ಜಗಲಿಯಲ್ಲೇ ಕೂರುವುದು. ನಾಗಪ್ಪನವರಂತೂ ಪ್ರತಿದಿನ ಬಸ್ಸಿಗೆ ಅಂತ ಬಂದು ಕೂರುತ್ತಿದ್ದರು, ಬಸ್ ಬಂದರೆ ಹತ್ತುತ್ತಿರಲಿಲ್ಲ. "ಇವತ್ತು ರಶ್ಶು," ಅನ್ನುತ್ತಿದ್ದರು. ಬಸ್ಸಿನಲ್ಲಿ ಕಂಡಕ್ಟರ್ ಒಬ್ಬನೇ ಇದ್ದರೂ ಅವರಿಗೆ ರಶ್ಶು.

ಬಾಗಿಲಿಗೆ ಬಂದವರನ್ನು ಮಾತಾಡಿಸದೆ ಬಿಡಲಿಕ್ಕಾಗುತ್ತದೆಯೇ? ಅರ್ಪಿತಾ ರೈಲನ್ನು ಕೆಳಗಿಟ್ಟು ಎದ್ದಳು. "ಕೂತ್ಕಳಿ ನಾಗಪ್ಪಣ್ಣ. ಮಂಡಿನೋವು ಹೆಂಗಿದೆ? ಸೀತಕ್ಕ, ಒಂದು ಲೋಟ ಕಾಫಿ!" ಅಡುಗೆ ಮಾಡುವ ಸೀತಕ್ಕ ಒಳಗಿನಿಂದಲೇ ಹೂಂಗುಟ್ಟಿದಳು. ಮಂಡಿನೋವಿನ ಕಥೆ ಮುಗಿಯುವಷ್ಟರಲ್ಲಿ ಇನ್ನಿಬ್ಬರು ಬಂದರು. ಅವರನ್ನು ವಿಚಾರಿಸಿಕೊಂಡು ತಿರುಗಿ ನೋಡಿದರೆ ಸುತ್ತ ಕೂತಿದ್ದ ಮಕ್ಕಳು ದಿಕ್ಕಿಗೊಬ್ಬರಾಗಿದ್ದರು. ರೈಲಿನ ಚಿತ್ರದ ಮೇಲೆ ಪೋರ ದೀಪು ಕೂತಿದ್ದ.

ಮಂಗಳವಾರವೂ ಅದೇ ಕಥೆ. ಬುಧವಾರ ಅರ್ಪಿತಾಳಿಗೆ ರೇಗಿಹೋಯಿತು. ಬಾಗಿಲು ಮುಚ್ಚಿ ಚಿಲಕ ಹಾಕಿದಳು.

ಅಯ್ಯೋ, ಮಲೆನಾಡಿನಲ್ಲಿ ಹಗಲು ಹೊತ್ತು ಬಾಗಿಲು ಮುಚ್ಚುವುದೆಂದರೆ ಸುಮ್ಮನೆ ಮಾತಾಯಿತೇ! ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿ ಮುಟ್ಟಿತು. ಟೀಚರಿಗೆ ಹುಷಾರಿಲ್ಲ ಅಂದರು ಕೆಲವರು, ಟೀಚರಿಗೆ ದೊಡ್ಡಸ್ತಿಕೆ ಬಂತು ಅಂದರು ಹಲವರು. ಮಾರನೆಯ ದಿನ ಜಗಲಿಗೆ ಯಾರೂ ಬರಲಿಲ್ಲ. ಎಲ್ಲರೂ ರಸ್ತೆಯಾಚೆ ಬಿಸಿಲಲ್ಲಿ ನಿಂತು ಬಸ್ಸಿಗೆ ಕಾದರು, ಬೇಕೆಂದೇ ಇವಳಿಗೆ ಕಾಣುವ ಹಾಗೆ. ಅಜ್ಜ ಅಜ್ಜಿಯರ ಕೈ ಹಿಡಿದು ಬರುತ್ತಿದ್ದ ಮಕ್ಕಳೂ ಅರ್ಧಕ್ಕರ್ಧ ನಾಪತ್ತೆ. ಬಂದ ಮಕ್ಕಳೋ, ಚಿತ್ರ ತೋರಿಸಿದರೆ ಚಿಲಕ ನೋಡುತ್ತಿದ್ದವು.

"ಎಂತ ಅರ್ಪಿತಾ ಇದು, ಮನೆಲಿ ಯಾರೋ ಹೋದಂಗೆ ಕಾಣ್ತದೆ," ಎಂದಳು ಸೀತಕ್ಕ, ಕುಡಿಯುವವರಿಲ್ಲದ ಕಾಫಿಯನ್ನು ತಾನೇ ಕುಡಿಯುತ್ತಾ.

ಅರ್ಪಿತಾಳಿಗೆ ಅಳು ಬಂತು. ಬಾಗಿಲು ತೆರೆದರೆ ಪಾಠ ಇಲ್ಲ, ಮುಚ್ಚಿದರೆ ಮಕ್ಕಳಿಲ್ಲ. ಸಂಜೆ ಗುಡ್ಡದ ಮೇಲೆ ಸಿಗ್ನಲ್ ಸಿಗುವ ಹಲಸಿನ ಮರದ ಬುಡಕ್ಕೆ ಹೋಗಿ ಮೇಘನಳಿಗೆ ಫೋನು ಹಚ್ಚಿದಳು. ರೈಲು, ಚಿಲಕ, ಮಂಡಿನೋವು ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಮೇಘನ ಬೈಯುತ್ತಾಳೆ ಅಂದುಕೊಂಡಿದ್ದಳು. ಬೈಯಲಿಲ್ಲ.

"ನಿಮ್ಮೂರಲ್ಲಿ ರೈಲು ಎಲ್ಲಿದೆ ಅರ್ಪಿತಾ?"

"ಎಲ್ಲೂ ಇಲ್ಲ ಮೇಡಂ. ನಾನೇ ಹತ್ತಿದ್ದು ಒಂದೇ ಸಲ."

"ಮತ್ಯಾಕೆ ರೈಲಿಂದ ಶುರು ಮಾಡಿದ್ರಿ?"

ತರಬೇತಿಯಲ್ಲಿ ಕೊಟ್ಟ ಚಿತ್ರಗಳಲ್ಲಿ ರೈಲು ಮೊದಲಿತ್ತು, ಅಷ್ಟೇ.

"ಒಂದು ಕೆಲ್ಸ ಮಾಡಿ," ಎಂದಳು ಮೇಘನ. "ಈ ವಾರ ಏನೂ ಪಾಠ ಮಾಡಬೇಡಿ. ಬಾಗಿಲು ತೆಗೀರಿ. ನೀವು ಜಗಲಿ ಕಡೆ ಹೋದಾಗ ಮಕ್ಕಳು ತಾವಾಗೇ ಏನು ಆಡ್ತಾರೆ ಅಂತ ಮಾತ್ರ ನೋಡಿ. ಅದನ್ನ ನೋಡದೆ ಹಾಕಿದ ಯೋಜನೆ ಬರೀ ವೇಳಾಪಟ್ಟಿ."

ಬಾಗಿಲು ತೆರೆಯುವುದು ಸುಲಭ, ಮುನಿಸಿಕೊಂಡವರನ್ನು ಕರೆಯುವುದು ಕಷ್ಟ. ಮರುದಿನ ಬೆಳಿಗ್ಗೆ ಅರ್ಪಿತಾ ತಾನೇ ರಸ್ತೆ ದಾಟಿ ಹೋದಳು. "ತಪ್ಪಾತು ನಾಗಪ್ಪಣ್ಣ, ಬನ್ನಿ, ಜಗಲಿಲಿ ಕೂರಿ." ನಾಗಪ್ಪನವರು ಆಕಾಶ ನೋಡಿದರು. "ಇಲ್ಲೇ ಒಳ್ಳೆ ಗಾಳಿ ಬತ್ತದೆ," ಎಂದರು. ಬೆವರು ಮಾತ್ರ ಧಾರಾಕಾರ. ಮೂರು ಸಲ ಕರೆದ ಮೇಲೆ, ಅವಳಿಗೋಸ್ಕರ ಎಂಬಂತೆ ಎದ್ದು ಬಂದರು. ಕಾಫಿ ಎರಡು ಲೋಟ ಕುಡಿದರು.

ಅರ್ಪಿತಾ ಕಿಟಕಿಯ ಮಗ್ಗುಲಲ್ಲಿ ನಿಂತು ಒಳಗೆ ಇಣುಕಿದಳು. ದಿಕ್ಕಿಗೊಬ್ಬರಾಗಿದ್ದಾರೆ ಅಂತ ಅವಳು ತಿಳಿದಿದ್ದ ಮಕ್ಕಳು ದಿಕ್ಕಿಗೊಬ್ಬರಾಗಿರಲಿಲ್ಲ. ಆಟ ಕಟ್ಟಿದ್ದವು. ಸಿರಿ ಚಾಪೆ ಹಾಸುತ್ತಿದ್ದಳು. ದೀಪು ಬಾಗಿಲಾಚೆ ಹೋಗಿ ಕೆಮ್ಮಿ, ಥೇಟ್ ನಾಗಪ್ಪನವರಂತೆ ಮಂಡಿ ಹಿಡಿದುಕೊಂಡು ಒಳಗೆ ಬಂದ.

"ಬನ್ನಿ ಬನ್ನಿ, ಕೂತ್ಕಳಿ. ಆಸ್ರಿಗೆ ಎಂತ ಬೇಕು, ಕಾಫಿನಾ, ಮಜ್ಜಿಗೆನಾ?" ಎಂದಳು ಸಿರಿ.

"ಎಂತದೂ ಬ್ಯಾಡ. ಈಗ ಕುಡ್ಕಂಡು ಬಂದೆ."

"ಹಂಗಂದ್ರೆ ಆಗದಿಲ್ಲ. ಒಂಚೂರು!"

"ಹಂಗಾರೆ ಅರ್ಧ ಲೋಟ."

ಒಬ್ಬಳು ತೆಂಗಿನ ಚಿಪ್ಪಿನಲ್ಲಿ ಮರಳು ತುಂಬಿ ತಂದಳು. ನೆಂಟರು ಇಬ್ಬರಾದರು, ಚಿಪ್ಪು ಒಂದೇ ಇದೆ, ಇನ್ನೊಂದು ಬೇಕು ಅಂತ ಜಗಳವಾಯಿತು. ಊಟಕ್ಕೆ ಎಲೆ ಹಾಕಿದರು, ದೊಡ್ಡ ನೆಂಟರಿಗೆ ದೊಡ್ಡ ಎಲೆ, ಚಿಕ್ಕವರಿಗೆ ಚಿಕ್ಕದು. ದೀಪು ಹೊರಟು ನಿಂತು ಮಾತಾಡಿದ, ಬಾಗಿಲಲ್ಲಿ ನಿಂತು ಮಾತಾಡಿದ, ಮೆಟ್ಟಿಲಿಳಿದು ಇನ್ನೊಂದಿಷ್ಟು ಮಾತಾಡಿದ. ಎಲ್ಲರೂ ಹೋಗಿ ಅವನನ್ನು ಗೇಟಿನ ತನಕ ಬಿಟ್ಟು, "ಮತ್ತೆ ಯಾವಾಗ ಬತ್ತೀರಿ?" ಎಂದು ಕೇಳಿ ಬಂದರು. ಆಮೇಲೆ ಇನ್ನೊಬ್ಬರು ನೆಂಟರಾದರು.

ಅರ್ಪಿತಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಗುನಗುತ್ತಲೇ ಅವಳಿಗೆ ಹೊಳೆಯಿತು. ಇದರಲ್ಲಿ ಎಣಿಕೆ ಇದೆ, ದೊಡ್ಡದು ಚಿಕ್ಕದು ಇದೆ, ಮೊದಲು ಯಾವುದು ಆಮೇಲೆ ಯಾವುದು ಎಂಬುದಿದೆ, ಚೆಲ್ಲದ ಹಾಗೆ ಸುರಿಯುವ ಕೈಯ ಹದ ಇದೆ, ಮಾತಂತೂ ಮೂಟೆಗಟ್ಟಲೆ. ಎಲ್ಲ ಇದ್ದೂ ನಾನು ರೈಲು ಹಿಡಿದುಕೊಂಡು ಕೂತಿದ್ದೆನಲ್ಲ!

ಹೊಸ ಹಾಳೆ ತೆಗೆದಳು. ವಿಷಯ: ನೆಂಟರು. ಈ ಸಲ ಚಿಟ್ಟೆಗೆ ಜಾಗ ಉಳಿಯಲಿಲ್ಲ. ಸೋಮವಾರ ಹಿತ್ತಲಿಗೆ ಹೋಗಿ ಎಲೆ ಆರಿಸುವುದು, ಗಾತ್ರ ನೋಡಿ ಜೋಡಿಸುವುದು. ಮಂಗಳವಾರ ನೀರು ಸುರಿಯುವುದು. ಬುಧವಾರ ನೆಂಟರನ್ನು ಮಾತಾಡಿಸುವುದು, ಹಾಡು. ಗುರುವಾರ ಅರ್ಧ ಮಕ್ಕಳು ಮನೆಯವರು, ಅರ್ಧ ಮಕ್ಕಳು ನೆಂಟರು, ಕೊನೆಯಲ್ಲಿ ನೆಂಟರ ಮನೆಗೆ ಹೋದ ಮೊಲದ ಕಥೆ. ಜಗಲಿಯವರಿಗೂ ಕೆಲಸ ಬಿತ್ತು. ಬುಧವಾರ ನಾಗಪ್ಪನವರು ನೆಂಟರಾಗಿ ಒಳಗೆ ಬಂದು, ತಮ್ಮ ಕಾಲದಲ್ಲಿ ಕಾಲ್ದಾರಿಯಲ್ಲಿ ನೆಂಟರ ಮನೆಗೆ ಹೋಗುತ್ತಿದ್ದದ್ದನ್ನು ಹೇಳಿದರು. ನಾಲ್ಕು ಮಾತು ಸಾಕು ಅಂದಿದ್ದಕ್ಕೆ ನಲವತ್ತು ಆಡಿದರು, ಆ ಮಾತು ಬೇರೆ.

ಎಲ್ಲ ನೆಟ್ಟಗೇ ಆಯಿತು ಅಂತಲ್ಲ. ಮಂಗಳವಾರ ನೀರು ಸುರಿಯುವ ಪಾಠದಲ್ಲಿ ಕೋಣೆ ಗದ್ದೆಯಾಯಿತು, ಸೀತಕ್ಕ ಒರೆಸುವ ಬಟ್ಟೆ ಹಿಡಿದು ಯಾರ್ಯಾರಿಗೋ ಹಿಡಿಶಾಪ ಹಾಕಿದಳು. ಮುಂದಿನ ಸಲಕ್ಕೆ 'ಜಗಲಿಯಲ್ಲಿ' ಅಂತ ಅರ್ಪಿತಾ ಹಾಳೆಯ ಬದಿಯಲ್ಲಿ ಬರೆದುಕೊಂಡಳು. ಹಾಗೆ ಬರೆದುಕೊಳ್ಳುವಾಗ ಒಂಥರಾ ಖುಷಿಯಾಯಿತು.

ಗುರುವಾರ ಜೀಪು ಬಂತು.

ಮೊದಲು ಇಳಿದವಳು ಮೇಘನ. ಹಿಂದೆಯೇ ಕಚೇರಿಯ ಅಧಿಕಾರಿ ಗಂಗಾಧರ್, ಎಲ್‌ಕೆಜಿ ಯಾವ ಊರಿಗೆ ಅಂತ ಬರೆದು ಕಳಿಸುವವರು. ದಪ್ಪ ಮೀಸೆ, ಇಸ್ತ್ರಿ ಮಾಡಿದ ಶರ್ಟು, ಮುಖ ಮಾತ್ರ ಬಿಳಿಚಿಹೋಗಿತ್ತು. ತಿರುವುಗಳು ಅವರನ್ನು ಚೆನ್ನಾಗಿಯೇ ವಿಚಾರಿಸಿಕೊಂಡಿದ್ದವು. ಗೋಡೆ ಹಿಡಿದುಕೊಂಡು ಒಳಗೆ ಬಂದು, ಹಿಂದಿನ ಸಾಲಿನ ಪುಟಾಣಿ ಕುರ್ಚಿಯಲ್ಲಿ ಮಂಡಿ ಗದ್ದಕ್ಕೆ ತಾಗುವ ಹಾಗೆ ಕೂತು, ಯೋಜನೆಯ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡರು. ಮೇಘನ ಅರ್ಪಿತಾಳನ್ನು ನೋಡಿ ಕಣ್ಣಲ್ಲೇ ನೆನಪಿಸಿದಳು: ಗೋಡೆ.

ಅರ್ಪಿತಾ ಪಟ್ಟ ಸಂಕಟ ಆ ದೇವರಿಗೇ ಗೊತ್ತು. ಮನುಷ್ಯ ಬಾಯಾರಿ ಕೂತಿದ್ದಾನೆ, ತುಟಿ ಒಣಗಿದೆ, ಕೈಯಳತೆಯಲ್ಲಿ ನೀರಿನ ಬಿಂದಿಗೆ ಇದೆ, ತಾನು ಮಾತ್ರ ಕಂಡೂ ಕಾಣದವಳ ಹಾಗೆ "ಇವತ್ತು ಯಾರ ಮನೆಗೆ ನೆಂಟ್ರು ಬಂದ್ರು?" ಅಂತ ರಾಗ ಎಳೆಯಬೇಕು. ಅವಳ ಅಮ್ಮ ನೋಡಿದ್ದರೆ ಮನೆಗೆ ಸೇರಿಸುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಸೀತಕ್ಕ ಕಾಫಿ ಲೋಟ ಹಿಡಿದು ಹುಬ್ಬು ಹಾರಿಸಿದಳು. ಅರ್ಪಿತಾ ಬೇಡ ಎಂದು ತಲೆಯಾಡಿಸಿದಳು. ಸೀತಕ್ಕ ಮುಖ ತಿರುವಿಕೊಂಡು ಒಳಗೆ ಹೋದಳು.

ಆಟ ಶುರುವಾಯಿತು. ಚಾಪೆಯ ಮೇಲೆ ದೀಪು ನೆಂಟನಾಗಿ ಕೂತಿದ್ದ. ಸಿರಿ ಈ ಮನೆಯವಳು. ನೀರಿನ ಲೋಟ, ಬೆಲ್ಲದ ತಟ್ಟೆ ಹಿಡಿದು ಬಂದವಳು ದೀಪುವಿನ ಮುಂದೆ ನಿಂತಳು. ಹಿಂದಿನ ಸಾಲಿನತ್ತ ನೋಡಿದಳು.

"ಟೀಚರೇ, ಅಲ್ಲಿ ನಿಜದ ನೆಂಟ್ರು ಇದಾರೆ."

ಅರ್ಪಿತಾ ಗಡಿಬಿಡಿಯಲ್ಲಿ ತರಬೇತಿಯಲ್ಲಿ ಕೇಳಿದ್ದನ್ನೇ ಹೇಳಿಬಿಟ್ಟಳು.

"ಅವ್ರು ನೆಂಟ್ರಲ್ಲ ಸಿರಿ... ಅವ್ರು ಗೋಡೆ."

"ಗೋಡೆಗೆ ಮೀಸೆ ಇದೆ ಟೀಚರೇ!" ಎಂದು ದೀಪು ಕೂಗಿದ.

ಮಕ್ಕಳೆಲ್ಲ ಹೋ ಎಂದು ನಕ್ಕವು. ಮೇಘನ ಫೈಲಿನಲ್ಲಿ ಮುಖ ಮುಚ್ಚಿಕೊಂಡಳು. ಸಿರಿ ನಗಲಿಲ್ಲ. ಸುಳ್ಳು ನೆಂಟನನ್ನು ಅಲ್ಲೇ ಬಿಟ್ಟು, ನೀರು ಚೆಲ್ಲದ ಹಾಗೆ ಹೆಜ್ಜೆ ಇಡುತ್ತಾ ನೇರ ಗಂಗಾಧರರ ಮುಂದೆ ಹೋಗಿ ನಿಂತಳು.

"ನೀರು ತಗಳಿ."

"ಬೇಡ ಪುಟ್ಟಿ. ನೀವು ಆಟ ಆಡಿ," ಎಂದರು ಗಂಗಾಧರ್, ನಿಯಮದ ಪ್ರಕಾರ.

ಪಾಪ, ಮೊದಲ 'ಬೇಡ' ಲೆಕ್ಕಕ್ಕಿಲ್ಲ ಎಂಬುದು ಅವರಿಗೇನು ಗೊತ್ತು. "ಹಂಗಂದ್ರೆ ಆಗದಿಲ್ಲ. ಒಂಚೂರು," ಎಂದಳು ಸಿರಿ. ಅವರು ಮೇಘನಳತ್ತ ನೋಡಿದರು, ಲೋಟದತ್ತ ನೋಡಿದರು, ಎತ್ತಿ ಗಟಗಟ ಕುಡಿದರು. ಸಿರಿ ಅವರ ಮುಖವನ್ನೇ ನೋಡುತ್ತಿದ್ದಳು.

"ವ್ಯಾನಲ್ಲಿ ಬಂದ್ರಾ?"

"ಜೀಪಲ್ಲಿ."

"ವಾಂತಿ ಬಂತಾ?"

"ಬಂತು," ಎಂದರು ಸಣ್ಣ ದನಿಯಲ್ಲಿ.

"ನಂಗೂ ಬತ್ತಿತ್ತು. ದಿನಾ ಬತ್ತಿತ್ತು. ಶಾಲೆಲಿ ಮಿಸ್ಸು ವಾಸ್ನೆ ಅಂತಿದ್ರು." ತಿರುಗಿ ಕೂಗಿದಳು, "ಸೀತಜ್ಜೀ, ನಿಂಬೆಹಣ್ಣು!" ಸೀತಕ್ಕ ಕರೆಯುವುದನ್ನೇ ಕಾದಿದ್ದವಳಂತೆ ಓಡಿಬಂದು ಕೊಟ್ಟಳು. ಸಿರಿ ಅದನ್ನು ಅವರ ಮೀಸೆಗೆ ತಾಗುವಷ್ಟು ಹತ್ತಿರ ಹಿಡಿದಳು. "ಮೂಸಿ. ಹೋಗ್ತಾ ದೊಡ್ಡ ತಿರುವಲ್ಲಿ ಕಣ್ಣು ಮುಚ್ಕಳಿ. ಕಣ್ಣು ಬಿಟ್ರೆ ಜೋರಾಗ್ತದೆ."

ಅರ್ಪಿತಾ ಮೊಲದ ಕಥೆಯ ಚಿತ್ರಗಳನ್ನು ಹಿಡಿದುಕೊಂಡು ನಿಂತಿದ್ದಳು. ಈಗ ಮಕ್ಕಳನ್ನು ಕರೆದು ಚಾಪೆಯ ಮೇಲೆ ಕೂರಿಸಿದರೆ ಹಾಳೆಯಲ್ಲಿ ಬರೆದದ್ದು ಬರೆದಂತೆ ಆಗುತ್ತದೆ. ಗಂಗಾಧರರ ತೊಡೆಯ ಮೇಲೆ ಆ ಹಾಳೆ ಇದೆ. ಕರೆಯದಿದ್ದರೆ, ಈ ಟೀಚರಿಗೆ ಯೋಜನೆ ನಡೆಸಲು ಬರುವುದಿಲ್ಲ ಅಂತ ಬರೆದರೆ, ಸಿರಿ ಮತ್ತೆ ವ್ಯಾನಿಗೆ. ಆದರೆ ಉಳಿದ ಮಕ್ಕಳನ್ನು ನೋಡಿದಳು. ಎಲ್ಲ ಎದ್ದು ನಿಂತು, ತಮಗೂ ಒಂದು ಕೆಲಸ ಸಿಗಬಹುದೇ ಎಂದು ಕಾಯುತ್ತಿದ್ದವು. ಚಿತ್ರಗಳನ್ನು ಕೆಳಗಿಟ್ಟಳು.

"ಮಕ್ಕಳೇ, ನೆಂಟ್ರು ಎಷ್ಟು ಜನ ಬಂದಿದಾರೆ ನೋಡಿ. ಎಷ್ಟು ಲೋಟ ಬೇಕು? ಎಷ್ಟು ಎಲೆ ಬೇಕು?"

"ಎರಡು!" ಎಂದವು ಮಕ್ಕಳು.

"ಅಲ್ಲ, ಮೂರು," ಎಂದ ದೀಪು, ಕಿಟಕಿಯಲ್ಲಿ ಇಣುಕಿ. "ಜೀಪಲ್ಲಿ ಒಬ್ರು ಇದಾರೆ."

ಡ್ರೈವರ್ ಪ್ರಕಾಶನ ನೆನಪು ಆ ತನಕ ಯಾರಿಗೂ ಬಂದಿರಲಿಲ್ಲ. ಎರಡು ಮಕ್ಕಳು ಹೋಗಿ ಅವನ ಕೈ ಹಿಡಿದು ಎಳೆದುಕೊಂಡು ಬಂದವು. ಮೂರು ಎಲೆ ಬಿತ್ತು. ಮೀಸೆಯವರಿಗೆ ದೊಡ್ಡದು, ಮೇಡಮ್ಮಿಗೆ ಚಿಕ್ಕದು, ಪ್ರಕಾಶನದು ಯಾವ ಗಾತ್ರದ್ದು ಎಂದು ಚರ್ಚೆಯಾಗಿ, ನಿಲ್ಲಿಸಿ ಅಳೆದು, ಮಧ್ಯಮದ್ದು ಎಂದು ತೀರ್ಮಾನವಾಯಿತು. ನೆಂಟರ ಹಾಡಾಯಿತು. ನೀವು ಎಲ್ಲಿಯೋರು, ಮನೇಲಿ ಯಾರ್ಯಾರಿದಾರೆ, ದನ ಎಷ್ಟು ಅಂತ ವಿಚಾರಣೆಯಾಯಿತು. ಗಂಗಾಧರ್ ಎಲ್ಲಕ್ಕೂ ಉತ್ತರ ಕೊಟ್ಟರು, ದನ ಇಲ್ಲ ಅಂದಾಗ ಮಕ್ಕಳು ಅಯ್ಯೋ ಪಾಪ ಎಂದವು. ಅವರ ಬಿಳಿಚಿದ ಮುಖಕ್ಕೆ ಬಣ್ಣ ಬಂತು. ಬಸ್ಸು ಬಂದು ಹೋದದ್ದು ಜಗಲಿಯಲ್ಲಿದ್ದ ನಾಗಪ್ಪನವರಿಗೂ ತಿಳಿಯಲಿಲ್ಲ, ಕಿಟಕಿಗೆ ಕಣ್ಣು ಅಂಟಿಸಿಕೊಂಡಿದ್ದರು.

ಕೊನೆಗೆ ಗಂಗಾಧರ್ ಎದ್ದರು. ಹಾಳೆ ಕೈಗೆತ್ತಿಕೊಂಡಾಗ ಮತ್ತೆ ಅಧಿಕಾರಿಯ ಮುಖ.

"ಇದರಲ್ಲಿ ಕಥೆ ಇತ್ತು. ಕಥೆ ಆಗ್ಲಿಲ್ಲ."

"ಆಗ್ಲಿಲ್ಲ ಸಾರ್," ಎಂದಳು ಅರ್ಪಿತಾ. "ನಾಳೆಗೆ ಹಾಕ್ಕಂಡಿದೀನಿ."

"ಯಾವಾಗ ಹಾಕ್ಕೊಂಡ್ರಿ?"

"ಈಗ್ಲೇ ಸಾರ್. ಮಕ್ಕಳನ್ನ ನೋಡಿ."

ಅವರು ಹಾಳೆ ಮಡಚಿ ಜೇಬಿಗೆ ಹಾಕಿಕೊಂಡು ಹೊರಟರು. ಮೇಘನಳ ಮುಖದಿಂದ ಏನೂ ಗೊತ್ತಾಗಲಿಲ್ಲ. ಆಯಿತು, ಕೈಯಾರೆ ಕೆಡಿಸಿಕೊಂಡೆ ಅಂದುಕೊಂಡಳು ಅರ್ಪಿತಾ.

ಮಕ್ಕಳಿಗೆ ಇನ್ನೂ ಕೆಲಸ ಬಾಕಿ ಇತ್ತು. ನೆಂಟರನ್ನು ಗೇಟಿನ ತನಕ ಬಿಡದೆ ಬರುವುದುಂಟೇ? ಎಲ್ಲ ಹಿಂದೆಯೇ ಓಡಿದವು. ಪ್ರಕಾಶ ಜೀಪು ಸ್ಟಾರ್ಟ್ ಮಾಡಿದ. ಗಂಗಾಧರ್ ಒಳಗೆ ಕೂತು, ನಿಂಬೆಹಣ್ಣನ್ನು ಮೂಗಿಗೆ ಹಿಡಿದುಕೊಂಡರು. ಸಿರಿ ಜೀಪಿನ ಬಾಗಿಲು ಹಿಡಿದು ಕುತ್ತಿಗೆ ಎತ್ತಿ ಕೇಳಿದಳು.

"ಮತ್ತೆ ಯಾವಾಗ ಬತ್ತೀರಿ?"

"ಜೂನಲ್ಲಿ ಬರ್ತೀನಿ," ಎಂದರು ಗಂಗಾಧರ್. "ನಿನ್ನ ಎಲ್‌ಕೆಜಿ ಶುರುವಾಗೋ ದಿನ."

ಸಿರಿಯ ಮುಖ ಸಣ್ಣಗಾಯಿತು. ಬಾಗಿಲು ಹಿಡಿದಿದ್ದ ಕೈ ಬಿಟ್ಟಳು. "ವ್ಯಾನಲ್ಲಾ?"

"ನಾನು ಜೀಪಲ್ಲಿ ಕಣಮ್ಮ," ಎಂದರು ಅವರು. "ನೀನು ನಡ್ಕೊಂಡು. ಇಲ್ಲಿಗೇ."

ಜಗಲಿಯಲ್ಲಿ ನಾಗಪ್ಪನವರು ಟೋಪಿ ತೆಗೆದು ಮುಖ ಒರೆಸಿಕೊಂಡರು. ಅರ್ಪಿತಾಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೆಳಿಗ್ಗೆಯಿಂದ ಅದುಮಿಟ್ಟುಕೊಂಡಿದ್ದ ಮಾತು ಇನ್ನು ತಡೆಯಲಿಕ್ಕಾಗದೆ ಹೊರಗೆ ಬಂತು.

"ಸಾರ್, ಈಗ ನೀವು ಗೋಡೆ ಅಲ್ವಲ್ಲ. ಇಳೀರಿ, ಕಾಫಿ ಕುಡ್ಕಂಡು ಹೋಗ್ಬೌದು."

"ಬೇಡ ಬೇಡ, ಹೊತ್ತಾಯ್ತು."

"ಹಂಗಂದ್ರೆ ಆಗದಿಲ್ಲ!" ಎಂದವು ಮಕ್ಕಳೆಲ್ಲ ಒಟ್ಟಿಗೆ.

ಮೇಘನ ಮೊದಲು ಇಳಿದಳು. "ನನಗೆ ಪೂರ್ತಿ ಲೋಟ," ಎಂದಳು. ಪ್ರಕಾಶ ಜೀಪು ಆಫ್ ಮಾಡಿದ. ಸೀತಕ್ಕ ಆಗಲೇ ಹಾಲು ಒಲೆಯ ಮೇಲಿಟ್ಟಾಗಿತ್ತು.